ತಲೆಯ ಮೇಲಿನ ತಂತಿ, ತಾರಸಿಯ ಕರೆಂಟು

ಡೊಂಬಿವಲಿಗೂ ಕಲ್ಯಾಣಕ್ಕೂ ನಡುವಿನ ಠಾಕುರ್ಲಿಯಲ್ಲಿ, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1920ರ ದಶಕದ ಕೊನೆಯಲ್ಲಿ ಚೋಳಾ ಪವರ್‌ಹೌಸ್ ಎಂಬ ಕಲ್ಲಿದ್ದಲಿನ ವಿದ್ಯುದಾಗಾರ ಕಟ್ಟಿತು. ಪುಣೆಯ ಕಡೆಗೂ ಇಗತ್‌ಪುರಿಯ ಕಡೆಗೂ ಘಟ್ಟ ಹತ್ತುವ ರೈಲುಗಳಿಗೆ ಕರೆಂಟು ಒದಗಿಸುವುದು ಅದರ ಕೆಲಸ. ಅದಕ್ಕೂ ಮೊದಲೇ, 1915ರಲ್ಲಿ, ಟಾಟಾ ಕಂಪನಿ ಖೋಪೋಲಿಯಲ್ಲಿ ಘಟ್ಟದ ನೀರಿನಿಂದ ತೆಗೆದ ಕರೆಂಟನ್ನು ಮುಂಬಯಿಯ ಬಟ್ಟೆ ಗಿರಣಿಗಳಿಗೆ ಸಾಗಿಸಿತ್ತು. 1921ರಲ್ಲಿ ಇಂಥದ್ದೇ ಇನ್ನೊಂದು ಯೋಜನೆಗೆ ಹೊಲ ಕಳೆದುಕೊಳ್ಳಲಿದ್ದ ಮುಳ್ಶಿಯ ರೈತರು ಸೇನಾಪತಿ ಬಾಪಟರ ಜೊತೆ ಸತ್ಯಾಗ್ರಹಕ್ಕೆ ಕೂತರು. ಕರೆಂಟನ್ನು ಯಾರು ತಯಾರಿಸಬಹುದು, ಯಾರಿಗೆ ಕೊಡಬಹುದು ಎಂಬ ತೀರ್ಮಾನ ಈ ಸೀಮೆಯಲ್ಲಿ ಯಂತ್ರದ ಕೈಯಲ್ಲಿ ಎಂದೂ ಇರಲಿಲ್ಲ; ಅದು ಪರವಾನಗಿಯ ಕಾಗದದಲ್ಲಿತ್ತು. ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಯ ಮನೆಗಳು ಇಂದು ತಾರಸಿಯ ಮೇಲೆ ಬಿಸಿಲಿನಿಂದ ಕರೆಂಟು ಬೆಳೆಯುವುದನ್ನೂ ನಾನು ಇದೇ ಕಣ್ಣಿನಿಂದ ನೋಡುತ್ತೇನೆ.

1948ರ ವಿದ್ಯುತ್ ಸರಬರಾಜು ಕಾಯ್ದೆಯ 44ನೆಯ ಕಲಮಿನ ಪ್ರಕಾರ ಹೊಸ ಉತ್ಪಾದನಾ ಕೇಂದ್ರಕ್ಕೆ ವಿದ್ಯುತ್ ಮಂಡಳಿಯ ಒಪ್ಪಿಗೆ ಬೇಕಿತ್ತು. 1960ರಲ್ಲಿ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿ ಬಂತು. ಹಳ್ಳಿಹಳ್ಳಿಗೂ ದೀಪ ತಲುಪಿಸಬೇಕಾಗಿದ್ದ ಕಾಲಕ್ಕೆ ಒಂದೇ ಕೈಯಲ್ಲಿ ಅಧಿಕಾರ ಇದ್ದದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಅದರಿಂದ ಮನೆ ಎಂದರೆ ಬಿಲ್ಲು ಕಟ್ಟುವ ಕಡೆಯ ತುದಿ ಮಾತ್ರ ಎಂಬ ಭಾವನೆ ಬೇರೂರಿತು. ಆಮೇಲೆ ಈ ಸೀಮೆ ಇಡೀ ರಾಜ್ಯದ ವಿದ್ಯುತ್ ಜಾಲದ ಗಂಟಾಯಿತು. ಚಂದ್ರಪುರದ ಕಲ್ಲಿದ್ದಲಿನ ಕರೆಂಟು 1999ರಿಂದ 752 ಕಿಲೋಮೀಟರ್ ದೂರ ಏಕಮುಖ ವಿದ್ಯುತ್ತಾಗಿ ಹರಿದು ಭಿವಂಡಿ ತಾಲೂಕಿನ ಪಡಘೆಗೆ ಬಂದು ಇಳಿಯುತ್ತದೆ. ಕಳವಾದಲ್ಲಿ ದೊಡ್ಡ ಉಪಕೇಂದ್ರವಿದೆ. ರಾಜ್ಯದ ಕರೆಂಟಿನ ಲೆಕ್ಕವಿಡುವ ಲೋಡ್ ಡಿಸ್ಪ್ಯಾಚ್ ಕೇಂದ್ರ ಐರೋಲಿಯಲ್ಲಿದೆ. ಇಷ್ಟಿದ್ದೂ, 2000ದ ದಶಕದ ನಡುವೆ ಮುಂಬಯಿ ನಗರ ಬೆಳಗುತ್ತಿದ್ದಾಗ, ಕಲ್ಯಾಣ–ಡೊಂಬಿವಲಿಯ ಮನೆಗಳು ಲೋಡ್‌ಶೆಡ್ಡಿಂಗ್‌ನ ವೇಳಾಪಟ್ಟಿ ನೋಡಿಕೊಂಡು ಅಡುಗೆ, ಓದು ಹೊಂದಿಸಿಕೊಳ್ಳಬೇಕಾಯಿತು. ಮುಂಬಯಿಗೆ ಟಾಟಾ ಮುಂತಾದ ಬೇರೆ ಸರಬರಾಜುದಾರರಿದ್ದರು. ಇಲ್ಲಿಯವರು ಮಂಡಳಿಯ, ಅಂದರೆ 2005ರ ನಂತರ ಮಹಾವಿತರಣದ, ಗ್ರಾಹಕರು. ಕತ್ತಲೆಗೂ ಬೆಳಕಿಗೂ ನಡುವೆ ಇದ್ದದ್ದು ಆ ಗಡಿರೇಖೆಯೊಂದೇ.

ಬಾಗಿಲು ತೆರೆದದ್ದೂ ಕಾಯ್ದೆಯೇ. 2003ರ ವಿದ್ಯುತ್ ಕಾಯ್ದೆ ಉತ್ಪಾದನೆಗೆ ಪರವಾನಗಿ ಬೇಡವೆಂದಿತು. 2015ರಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ನೆಟ್ ಮೀಟರಿಂಗ್ ನಿಯಮ ತಂದಿತು: ತಾರಸಿಯಿಂದ ಹೊರಗೆ ಹೋದ ಯೂನಿಟ್ಟನ್ನು ಒಳಗೆ ಬಂದ ಯೂನಿಟ್ಟಿನಿಂದ ಕಳೆಯುವುದು. ಆದರೆ ಇಲ್ಲಿ ತಾರಸಿ ಯಾರೊಬ್ಬರದೂ ಅಲ್ಲ, ಹೌಸಿಂಗ್ ಸೊಸೈಟಿಯದು. ಏಳು ಮಹಡಿಯ, 28 ಮನೆಗಳ ಕಟ್ಟಡವೊಂದನ್ನು ಊಹಿಸಿಕೊಳ್ಳಿ. ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಸಾಲಾಗಿ ಮನೆಗಳ ಮೀಟರುಗಳು, ಪಕ್ಕದಲ್ಲಿ ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಕ್ಕೆಂದು ಬೇರೆಯದೇ ಒಂದು ಸಾಮಾನ್ಯ ಮೀಟರು. ಆ ಬಿಲ್ಲನ್ನು ಸೊಸೈಟಿ ಮೈಂಟೆನೆನ್ಸಿಗೆ ಸೇರಿಸಿ ಎಲ್ಲರಿಗೂ ಹಂಚುತ್ತದೆ. ಮಳೆಗೆ ಸೋರದಂತೆ ಮೇಲೆ ಹಾಕಿಸಿದ ತಗಡಿನ ಮಾಡಿನ ಮೇಲೆ 20 ಕಿಲೋವ್ಯಾಟ್ ಸೌರ ಫಲಕ ಕೂತರೆ, ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ಟಿನಂತೆ 80 ಯೂನಿಟ್ ಸಿಗುತ್ತದೆ. ಕರೆಂಟನ್ನು ಪಾಲು ಮಾಡಿಕೊಳ್ಳುವ ರೂಢಿ ಈ ಊರುಗಳಲ್ಲಿ ಸ್ಮಾರ್ಟ್ ಗ್ರಿಡ್ ಎಂಬ ಮಾತು ಬರುವ ಮೊದಲೇ ಆ ಸಾಮಾನ್ಯ ಮೀಟರಿನಲ್ಲಿ ಇತ್ತು. 2024ರ ಪಿಎಂ ಸೂರ್ಯಘರ್ ಯೋಜನೆ ಸೊಸೈಟಿಗಳ ಸಾಮಾನ್ಯ ಬಳಕೆಗೂ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನ ಕೊಟ್ಟದ್ದು ಈ ರೂಢಿಗೆ ಸಿಕ್ಕ ಮನ್ನಣೆ.

ಇದಕ್ಕೆ ಎತ್ತುವ ಆಕ್ಷೇಪಗಳು ಹಗುರವಲ್ಲ. ಮನೆಗೆ ಮೂರು ಯೂನಿಟ್ಟೂ ಬಾರದ ತಾರಸಿಯಿಂದ ಏನು ಪ್ರಯೋಜನ? ಸಂಜೆ ಏಳಕ್ಕೆ, ಲೋಕಲ್ ಇಳಿದು ಎಲ್ಲರೂ ಮನೆ ಸೇರುವಾಗ, ಸೂರ್ಯನೆಲ್ಲಿ? 2020ರ ಅಕ್ಟೋಬರ್ 12ರ ಬೆಳಿಗ್ಗೆ ಕಳವಾ–ಪಡಘೆ ಮಾರ್ಗಗಳು ಕೈಕೊಟ್ಟಾಗ ಥಾಣೆ, ನವಿಮುಂಬಯಿಯಷ್ಟೇ ಅಲ್ಲ, ಮುಂಬಯಿಯೂ ಕತ್ತಲಾಯಿತು, ರೈಲುಗಳು ನಿಂತವು. ಅಂದು ಬಿಸಿಲಿದ್ದರೂ ತಾರಸಿಯ ಕರೆಂಟು ನೆರವಾಗುತ್ತಿರಲಿಲ್ಲ, ಏಕೆಂದರೆ ಜಾಲ ಸತ್ತಾಗ ಸಾಮಾನ್ಯ ಸೌರ ಇನ್ವರ್ಟರ್ ತಾನೂ ನಿಲ್ಲಬೇಕು. ಇಲ್ಲದಿದ್ದರೆ ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್ನಿನ ಜೀವಕ್ಕೆ ಅಪಾಯ. ಇವೆಲ್ಲ ನಿಜ. ತಾರಸಿ ಪಡಘೆಗೆ ಬದಲಿಯಲ್ಲ, ಆಗಲೂ ಬಾರದು. ಆದರೆ ಹಗಲಿನ ಪಂಪು, ಲಿಫ್ಟಿನ ಹೊರೆಯನ್ನು ಇಳಿಸಿದಷ್ಟು ದೂರದ ತಂತಿಯ ಮೇಲಿನ ಒತ್ತಡ ಇಳಿಯುತ್ತದೆ. ಸಂಜೆಗೆ ಬ್ಯಾಟರಿ ಬೇಕು, ಅದರ ಖರ್ಚನ್ನು ಒಂದೊಂದು ಮನೆ ಹೊರುವುದಕ್ಕಿಂತ ಸೊಸೈಟಿ ಹೊರುವುದು ಸುಲಭ.

ನನಗೆ ಹೆಚ್ಚು ಕಾಡುವುದು ಇನ್ನೊಂದು ಆಕ್ಷೇಪ. ತಾರಸಿ ಇರುವವರ ಬಿಲ್ಲು ಇಳಿದರೆ, ತಂತಿ, ಟ್ರಾನ್ಸ್‌ಫಾರ್ಮರುಗಳ ಸ್ಥಿರ ವೆಚ್ಚ ಚಾಳಿನ ಬಾಡಿಗೆದಾರನ ತಲೆಗೆ ಬೀಳುತ್ತದೆ. ಮಹಾರಾಷ್ಟ್ರದಲ್ಲಿ 2024ರಲ್ಲಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರಿಗೆ ಎದ್ದ ವಿರೋಧದ ಹಿಂದೆ ಈ ಅಪನಂಬಿಕೆಯೂ ಇತ್ತೆಂದು ನನ್ನ ಎಣಿಕೆ. ಮೀಟರು ಗಂಟೆಗಂಟೆಯ ಲೆಕ್ಕ ಇಡಬಲ್ಲದು. ಆ ಲೆಕ್ಕದಿಂದ ಯಾರಿಗೆ ಲಾಭ ಎಂಬುದನ್ನು ಮತ್ತೆ ನಿಯಮವೇ ಹೇಳಬೇಕು. ದೆಹಲಿ 2019ರಲ್ಲೇ ವರ್ಚುವಲ್ ನೆಟ್ ಮೀಟರಿಂಗ್‌ಗೆ ಮಾರ್ಗಸೂಚಿ ತಂದು, ಒಂದೆಡೆಯ ಫಲಕದ ಯೂನಿಟ್ಟನ್ನು ಬೇರೆಡೆಯ ಬಿಲ್ಲುಗಳಿಗೆ ಹಂಚಲು ದಾರಿ ಮಾಡಿತು. ಕಳವಾದ ಮಹಾನಗರಪಾಲಿಕೆ ಶಾಲೆಯ ಮಾಡಿನ ಬಿಸಿಲು ಅದೇ ಬೀದಿಯ ಚಾಳಿನ ಬಿಲ್ಲಿನಲ್ಲಿ ಕಳೆಯುವಂತಾಗಲು ಹೊಸ ತಂತಿ ಬೇಕಿಲ್ಲ, ಬಿಲ್ಲಿನಲ್ಲಿ ಒಂದು ಸಾಲು ಸೇರಿದರೆ ಸಾಕು.