ಶರಾವತಿಯ ಉದ್ದಚ್ಛೇದ: ಘಟ್ಟದ ಚರಿತ್ರೆಗೆ ಎತ್ತರ ದತ್ತಾಂಶದ ಸಾಕ್ಷ್ಯ

ಪೀಠಿಕೆ

ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಮಲೆನಾಡಿನಲ್ಲಿ ವಾಯವ್ಯಕ್ಕೆ ಹರಿದು, ಜೋಗದಲ್ಲಿ 253 ಮೀಟರ್ ಧುಮುಕಿ, ಪಶ್ಚಿಮಕ್ಕೆ ಸಾಗಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಈ ನದೀಜಾಲದ ವಿಕಾಸವನ್ನು ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ 1960ರ ದಶಕದಲ್ಲಿಯೇ ಚರ್ಚಿಸಿದ್ದರು; ಭೂವಿಜ್ಞಾನಿ ಕೆ.ಎಸ್. ವಾಲ್ದಿಯಾ ಅವರು ಪಶ್ಚಿಮ ಘಟ್ಟದ ರಚನೆಯಲ್ಲಿ ಸ್ತರಭಂಗಗಳ ಚಲನೆಗೆ ಒತ್ತು ಕೊಟ್ಟರು. ಅಂತರಿಕ್ಷದಿಂದ ಅಳೆದ ಎತ್ತರಗಳು ಈ ಚರ್ಚೆಯನ್ನು ಎಲ್ಲಿಯವರೆಗೆ ಮುಂದೊಯ್ಯಬಲ್ಲವು ಎಂಬುದು ಇಲ್ಲಿನ ಪ್ರಶ್ನೆ.

ದತ್ತಾಂಶ ಮತ್ತು ವಿಧಾನ

2000ದ ಫೆಬ್ರವರಿಯಲ್ಲಿ ಎಂಡೆವರ್ ಅಂತರಿಕ್ಷ ನೌಕೆ 11 ದಿನಗಳ ಯಾನದಲ್ಲಿ ಭೂಮಿಯ ನೆಲಭಾಗದ ಸುಮಾರು ಶೇ. 80ರಷ್ಟನ್ನು ರೇಡಾರ್‌ನಿಂದ ಅಳೆಯಿತು. ನೌಕೆಯಲ್ಲೊಂದು, 60 ಮೀಟರ್ ಉದ್ದದ ತೋಳಿನ ತುದಿಯಲ್ಲೊಂದು ಆಂಟೆನಾ ಇತ್ತು. ಎರಡಕ್ಕೂ ಮರಳಿದ ಅಲೆಗಳ ಹಂತವ್ಯತ್ಯಾಸದಿಂದ ಎತ್ತರವನ್ನು ಲೆಕ್ಕಹಾಕಲಾಯಿತು. ಹೀಗೆ ದೊರೆತ ಸುಮಾರು 30 ಮೀಟರ್ ಚೌಕಗಳ ಎತ್ತರ ಮಾದರಿಯಿಂದ ನದಿಯ ಹಾದಿಯನ್ನೂ ಪ್ರತಿ ಬಿಂದುವಿನ ಜಲಾನಯನ ವಿಸ್ತಾರವನ್ನೂ ಇಳಿಜಾರನ್ನೂ ಪಡೆಯಬಹುದು.

ಇಳಿಜಾರು ಒಮ್ಮೆಲೇ ಕಡಿದಾಗುವ ನಿಕ್‌ಪಾಯಿಂಟ್‌ಗಳು ಎಲ್ಲೆಲ್ಲಿವೆ ಎಂಬುದಕ್ಕಿಂತ ಅವು ಹೇಗೆ ಹಂಚಿಹೋಗಿವೆ ಎಂಬುದು ಮುಖ್ಯ. ಅವು ಗಟ್ಟಿ ಶಿಲೆಯ ಗಡಿಯಲ್ಲೇ ನಿಂತಿದ್ದರೆ ಕಾರಣ ಶಿಲೆಯದು. ಹಲವು ಉಪನದಿಗಳನ್ನು ಅಡ್ಡಹಾಯುವ ಒಂದೇ ಸರಳರೇಖೆಯಲ್ಲಿದ್ದರೆ ಸ್ತರಭಂಗವನ್ನು ಶಂಕಿಸಬೇಕು. ಜಲಾನಯನದ ಗಾತ್ರಕ್ಕೆ ತಕ್ಕಷ್ಟು ದೂರ ಮೇಲಕ್ಕೆ ಸರಿದಿದ್ದರೆ, ಕೆಳಗೆ ಆರಂಭವಾದ ಸವೆತ ಕಣಿವೆಯುದ್ದಕ್ಕೂ ಏರಿ ಬಂದಿದೆ ಎನ್ನಬಹುದು.

ಮಿತಿಗಳು

ಸುಮಾರು 5.6 ಸೆಂಟಿಮೀಟರ್ ತರಂಗಾಂತರದ ರೇಡಾರ್ ಅಲೆಗಳು ದಟ್ಟ ಕಾಡಿನಲ್ಲಿ ಬಹುಮಟ್ಟಿಗೆ ಮರಗಳ ಮೇಲಾವರಣದಿಂದಲೇ ಹಿಂದಿರುಗುತ್ತವೆ. ಹಾಗಾಗಿ ಗದ್ದೆ ಮುಗಿದು ಕಾಡು ಶುರುವಾಗುವೆಡೆ, ನೆಲದಲ್ಲಿಲ್ಲದ ಮೆಟ್ಟಿಲು ಮಾದರಿಯಲ್ಲಿ ಕಾಣಿಸೀತು. ಜೋಗದ ಪ್ರಪಾತಕ್ಕೆ ಇದರಿಂದ ಬಾಧೆಯಿಲ್ಲ; ಉಪಹಳ್ಳಗಳ ಸಣ್ಣ ಮೆಟ್ಟಿಲುಗಳನ್ನು ಮಾತ್ರ ಸ್ಥಳದಲ್ಲಿ ಪರೀಕ್ಷಿಸದೆ ಒಪ್ಪಲಾಗದು. ಕಡಿದಾದ ಬಂಡೆಗೋಡೆ ಕೂಡ 30 ಮೀಟರ್ ಚೌಕಗಳಲ್ಲಿ ಹರಡಿ ಇಳಿಜಾರಾಗಿಬಿಡುತ್ತದೆ. ಜಲಪಾತದ ಮೇಲ್ಭಾಗದಲ್ಲಿ 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಹಳೆಯ ಪಾತ್ರವನ್ನು ಮುಚ್ಚಿದೆ. ಸವೆತದ ಅಲೆ ಎಲ್ಲಿಯವರೆಗೆ ತಲುಪಿದೆ ಎಂದು ನೋಡಬೇಕಾದ ಜಾಗವೇ ಇದು. ಅಣೆಕಟ್ಟಿಗಿಂತ ಮೊದಲಿನ ಸರ್ವೆ ನಕ್ಷೆಗಳ ಸಮೋನ್ನತಿ ರೇಖೆಗಳಿಂದ ಆ ಭಾಗವನ್ನು ಮರಳಿ ಕಟ್ಟಿಕೊಳ್ಳುವುದು ಅನಿವಾರ್ಯ.

ಚರ್ಚೆ

ನದಿಯುದ್ದಕ್ಕೂ ಎತ್ತರವನ್ನು ತೋರಿಸುವ ಉದ್ದಚ್ಛೇದದಲ್ಲಿ ಕಾಲದ ಅಳತೆ ಇಲ್ಲ; ಅದಕ್ಕೆ ಬೇರೆ ಸಾಕ್ಷ್ಯ ಬೇಕು. ಘಟ್ಟದ ಮೇಲೂ ಕರಾವಳಿಯಲ್ಲೂ ದೊರೆತ ಮ್ಯಾಂಗನೀಸ್ ಖನಿಜಗಳ ಆರ್ಗಾನ್ ಕಾಲನಿರ್ಣಯವು ಘಟ್ಟದ ಅಂಚು ಸುಮಾರು 4.7 ಕೋಟಿ ವರ್ಷಗಳ ಹಿಂದೆಯೇ ನೆಲೆಗೊಂಡಿತ್ತೆಂದು ಸೂಚಿಸುತ್ತದೆ. ಆದ್ದರಿಂದ ಜೋಗದಂಥ ಕಡಿದಾದ ಮೆಟ್ಟಿಲನ್ನು ಕಂಡೊಡನೆ ಅದನ್ನು ಇತ್ತೀಚಿನ ಭೂ ಉತ್ಥಾನದ ಗುರುತೆಂದು ಓದುವುದು ಸರಿಯಲ್ಲ. ಶಿಲೆಯ ಬಲ, ಸೀಳುಗಳ ದಿಕ್ಕು, ನದಿ ತಿರುವಿನ ಚರಿತ್ರೆ ಮೂರನ್ನೂ ಮೊದಲು ತೂಗಬೇಕು. ಎತ್ತರ ದತ್ತಾಂಶದ ನಿಜವಾದ ಉಪಯೋಗ ಊಹೆಗಳನ್ನು ಬೇರ್ಪಡಿಸುವುದರಲ್ಲಿದೆ: ಯಾವ ಹಳ್ಳದ ಮರಳಿನಲ್ಲಿ ಬೆರಿಲಿಯಂ-10 ಅಳೆದು ಸವೆತದ ವೇಗ ತಿಳಿಯಬೇಕು, ಯಾವ ಬಂಡೆಯ ಬಳಿ ಸ್ತರಭಂಗವನ್ನು ಹುಡುಕಬೇಕು ಎಂಬುದನ್ನು ಅದು ನಿರ್ದಿಷ್ಟವಾಗಿ ತೋರಿಸಬಲ್ಲದು. ಶರಾವತಿಯ ಮುಂದಿನ ಅಧ್ಯಯನ ಈ ಕ್ರಮದಲ್ಲೇ ನಡೆಯಬೇಕು.