ಚಿತ್ರಕ್ಕೊಂದು ಕೇಬಲ್, ತಾಳಕ್ಕೊಂದು ಕೇಬಲ್

ನೋಯ್ಡಾ, ಗುರುಗ್ರಾಮದಲ್ಲಿ ಸರ್ವರ್ ನೋಡ್ಕೊಳ್ಳೋ ನಮಗೆ ಗಡಿಯಾರ ತಪ್ಪಿದ್ರೆ ಏನಾಗುತ್ತೆ ಅಂತ ಗೊತ್ತು. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಟಿವಿ ಪ್ರಸಾರ ಶುರುವಾಯ್ತು. ಟಿವಿಯಲ್ಲೂ ಅದೇ ಕಥೆ: ಚಿತ್ರ ತರೋ ಕೇಬಲ್ ಮಾತ್ರ ಸಾಲದು, ಎಲ್ಲ ಕ್ಯಾಮೆರಾ ಒಂದೇ ತಾಳಕ್ಕೆ ನಡೆಯೋಕೆ ಸಿಂಕ್ ಸಿಗ್ನಲ್ಲೂ ಬೇಕು. ಇಲ್ಲದಿದ್ರೆ ಕ್ಯಾಮೆರಾ ಬದಲಿಸಿದಾಗ ಚಿತ್ರ ಹಾರುತ್ತೆ.

1982, ಏಷ್ಯನ್ ಗೇಮ್ಸ್ ವರ್ಷ. ಬಣ್ಣ ಬಂತು, ಲೆಕ್ಕ ಬಿಗಿಯಾಯ್ತು. ಪಾಲ್ ಪದ್ಧತಿಯಲ್ಲಿ ಬಣ್ಣದ ಅಲೆಯ ಒಂದು ಸುತ್ತು ಸುಮಾರು 225 ನ್ಯಾನೊಸೆಕೆಂಡ್. ಕೇಬಲ್ ಒಂದು ಮೀಟರ್ ಉದ್ದವಾದ್ರೆ ಸುಮಾರು 5 ನ್ಯಾನೊಸೆಕೆಂಡ್ ತಡ, ಅಂದ್ರೆ 8 ಡಿಗ್ರಿ ವ್ಯತ್ಯಾಸ. ಎರಡು ಚಿತ್ರ ಬೆರೆಸುವಾಗ ಬಣ್ಣ ಕೆಡೋಕೆ ಅಷ್ಟು ಸಾಕು.

ಪದಕ ಗೆದ್ದವರು ನೆನಪಿದ್ದಾರೆ. ಕೇಬಲ್ ಅಳೆದವರನ್ನ ಕೇಳಿದವರು ಕಮ್ಮಿ. ನಿಮ್ಮ ಪರಿಚಯದಲ್ಲಿ ದೂರದರ್ಶನದ ಹಳೇ ಎಂಜಿನಿಯರ್ ಇದ್ರೆ, ಅವರ ಮಾತನ್ನ ಈಗಲೇ ರೆಕಾರ್ಡ್ ಮಾಡಿಡಿ.