‘ನಾನೂ ಅಲ್ಲಿದ್ದೆ’: ಮ್ಯಾಂಚೆಸ್ಟರಿನ ಒಂದು ಪಂಕ್ ಸಂಜೆ ಮತ್ತು ಅಭಿಮಾನಿಗಳ ನೆನಪು

1976ರ ಜೂನ್ 4, ಶುಕ್ರವಾರ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಫ್ರೀ ಟ್ರೇಡ್ ಹಾಲ್ ಕಟ್ಟಡದ ಮೇಲಂತಸ್ತಿನಲ್ಲಿ ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಎಂಬ ಚಿಕ್ಕ ಸಭಾಂಗಣವಿತ್ತು. ಆ ಸಂಜೆ ಅಲ್ಲಿ ಲಂಡನ್ನಿನಿಂದ ಬಂದ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ರಾಕ್ ತಂಡದ ಕಚೇರಿ ನಡೆಯಿತು. ಟಿಕೆಟ್ಟಿಗೆ 50 ಪೆನ್ಸ್. ತಂಡದ ಒಂದೇ ಒಂದು ಧ್ವನಿಮುದ್ರಿಕೆಯೂ ಆಗಿನ್ನೂ ಹೊರಬಂದಿರಲಿಲ್ಲ. ಕೇಳಲು ಬಂದವರು ನಲವತ್ತರ ಆಸುಪಾಸು. ಆದರೆ ಮುಂದಿನ ದಶಕಗಳಲ್ಲಿ ‘ಆ ದಿನ ನಾನೂ ಅಲ್ಲಿದ್ದೆ’ ಎಂದವರು ನೂರಾರು ಮಂದಿ.

ಈ ಹೆಚ್ಚುವರಿ ಸಾಕ್ಷಿಗಳನ್ನು ಇತಿಹಾಸಕಾರ ಏನು ಮಾಡಬೇಕು? ಸುಳ್ಳು ಹೇಳುತ್ತಾರೆಂದು ಬದಿಗೆ ಸರಿಸುವುದು ಸುಲಭ. ಬಹುಪಾಲು ಬರಹಗಳು ಮಾಡಿರುವುದೂ ಅದನ್ನೇ. ಆ ಸಂಜೆಗೆ ಹೋಗದವರ ನೆನಪೂ ಒಂದು ಆಕರ ಎಂಬುದು ಈ ಲೇಖನದ ಪ್ರತಿಪಾದನೆ. ಅದು 1976ರ ಬಗ್ಗೆ ಹೇಳುವುದು ಕಡಿಮೆ. ಆದರೆ 1976 ಯಾವಾಗ, ಯಾರಿಗೆ, ಯಾಕೆ ಮುಖ್ಯವಾಯಿತು ಎಂಬುದನ್ನು ಅದರಷ್ಟು ಚೆನ್ನಾಗಿ ಹೇಳುವ ಆಕರ ಮತ್ತೊಂದಿಲ್ಲ.

ಕನ್ನಡದ ಸಂಶೋಧಕರಿಗೆ ಈ ಸಮಸ್ಯೆ ಹೊಸದಲ್ಲ. ಶಾಸನಕ್ಕೂ ಕೈಫಿಯತ್ತಿಗೂ ಇರುವ ವ್ಯತ್ಯಾಸ ನಮಗೆ ಗೊತ್ತಿದೆ. ಶಾಸನ ಆ ಕಾಲದಲ್ಲೇ ಕಲ್ಲಿಗೆ ಬಿದ್ದದ್ದು. ಕೈಫಿಯತ್ತು ಊರೂರಿನ ಚರಿತ್ರೆ ಸಂಗ್ರಹಿಸಿದ ಕರ್ನಲ್ ಮೆಕೆಂಜಿಯ ಕಡೆಯವರು ಕೇಳಿದಾಗ ಊರಿನವರು ನೆನೆದು ಹೇಳಿದ್ದು. ಕೈಫಿಯತ್ತಿನ ರಾಜವಂಶಾವಳಿ ತಪ್ಪಿರಬಹುದು. ಊರು ತನ್ನನ್ನು ತಾನು ಹೇಗೆ ಕಂಡುಕೊಂಡಿತ್ತು ಎಂಬುದು ತಪ್ಪಿರುವುದಿಲ್ಲ. ಮ್ಯಾಂಚೆಸ್ಟರಿನ ಆ ಸಂಜೆಗೂ ಇವೆರಡೂ ಬಗೆಯ ಆಕರಗಳಿವೆ. ಎರಡನ್ನೂ ಬೆರೆಸದೆ ಓದಬೇಕು.

ಮೊದಲು ‘ಶಾಸನ’ಗಳನ್ನು ನೋಡೋಣ. 1976ರ ಫೆಬ್ರವರಿಯಲ್ಲಿ ಬೋಲ್ಟನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಇಬ್ಬರು ವಿದ್ಯಾರ್ಥಿಗಳು ಎನ್‌ಎಂಇ ವಾರಪತ್ರಿಕೆಯಲ್ಲಿ ಸೆಕ್ಸ್ ಪಿಸ್ಟಲ್ಸ್ ಬಗ್ಗೆ ನೀಲ್ ಸ್ಪೆನ್ಸರ್ ಬರೆದಿದ್ದ ಚಿಕ್ಕ ವಿಮರ್ಶೆಯನ್ನು ಓದಿದರು. ಕಾರೊಂದನ್ನು ಹೊಂದಿಸಿಕೊಂಡು ದಕ್ಷಿಣಕ್ಕೆ ಹೋಗಿ ತಂಡವನ್ನು ಕಣ್ಣಾರೆ ಕಂಡರು. ಹಿಂದಿರುಗಿ ತಮ್ಮ ಊರಿಗೆ ಅದನ್ನು ಕರೆಸುವ ಏರ್ಪಾಡು ಮಾಡಿದರು. ಅವರೇ ಮುಂದೆ ಹವರ್ಡ್ ಡೆವೊಟೊ, ಪೀಟ್ ಶೆಲ್ಲಿ ಎಂದು ಹೆಸರಾದವರು, ಬಜ್‌ಕಾಕ್ಸ್ ತಂಡವನ್ನು ಕಟ್ಟಿದವರು. ಜೂನ್ 4ರಂದು ತಾವೇ ಮೊದಲು ಹಾಡಬೇಕೆಂಬ ಆಸೆ ಅವರಿಗಿತ್ತು, ಆದರೆ ತಂಡ ಇನ್ನೂ ಸಜ್ಜಾಗಿರಲಿಲ್ಲ. ಬದಲಿಗೆ ಸಾಲ್‌ಸ್ಟಿಸ್ ಎಂಬ ಬೋಲ್ಟನ್ನಿನ ಸ್ಥಳೀಯ ರಾಕ್ ತಂಡ ಮೊದಲು ಹಾಡಿತು.

ಆ ಸಂಜೆಯ ಧ್ವನಿಮುದ್ರಣವೊಂದು ಉಳಿದಿದೆ. ಕೆಲವು ಛಾಯಾಚಿತ್ರಗಳಿವೆ, ಸೂಪರ್ 8 ಫಿಲ್ಮಿನ ತುಣುಕಿದೆ, ಟಿಕೆಟ್ಟುಗಳಿವೆ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಒಂದು ಓದುಗರ ಪತ್ರ. ಆಗಷ್ಟೇ ಹದಿನೇಳು ತುಂಬಿದ್ದ ಸ್ಟೀವನ್ ಮಾರಿಸ್ಸಿ ಎಂಬ ಹುಡುಗ, ಮುಂದೆ ದ ಸ್ಮಿತ್ಸ್ ತಂಡದ ಗಾಯಕ, ಕಚೇರಿಯಾದ ಕೆಲವೇ ದಿನಗಳಲ್ಲಿ ಎನ್‌ಎಂಇಗೆ ಬರೆದದ್ದು. ಅದು ಅದೇ ಜೂನ್ ತಿಂಗಳಲ್ಲಿ ಅಚ್ಚಾಯಿತು. ಅದರಲ್ಲಿ ತಂಡದ ಅಪಶ್ರುತಿಯ ಮಾತಿದೆ, ಹಾಕಿಕೊಂಡೇ ಮಲಗಿದಂತಿದ್ದ ಬಟ್ಟೆಗಳ ಮಾತಿದೆ, ಇವರು ಗೆಲ್ಲಲಿ ಎಂಬ ಹಾರೈಕೆಯೂ ಇದೆ. ಅರ್ಧ ಮೆಚ್ಚುಗೆ, ಅರ್ಧ ಚುಚ್ಚು. ಆದರೆ ಜಗತ್ತು ಬದಲಾಯಿತೆಂಬ ಒಂದು ಮಾತೂ ಅದರಲ್ಲಿಲ್ಲ. ‘ಆ ರಾತ್ರಿ ಎಲ್ಲವೂ ಬದಲಾಯಿತು’ ಎಂಬ ವಾಕ್ಯ ಆ ರಾತ್ರಿಯದಲ್ಲ, ಅದು ನಂತರದ್ದು. ಈ ವಿಷಯವನ್ನು ಕುರಿತು ಬರೆಯುವವರು ಮರೆಯಬಾರದ ಸಂಗತಿ ಇದು.

ಹಾಗೆಂದು ಆ ಸಂಜೆಯ ಮಹತ್ವವೆಲ್ಲ ನೆನಪಿನ ಸೃಷ್ಟಿ ಎನ್ನಲಾಗದು. ಸಭಿಕರಲ್ಲಿ ಇಪ್ಪತ್ತು ವರ್ಷದ ಇಬ್ಬರು ಗೆಳೆಯರಿದ್ದರು: ಪೀಟರ್ ಹುಕ್ ಮತ್ತು ಬರ್ನಾರ್ಡ್ ಸಮ್ನರ್. ಮರುದಿನವೇ ತಾಯಿಯ ಹತ್ತಿರ ಸಾಲ ಪಡೆದು ಬಾಸ್ ಗಿಟಾರ್ ಕೊಂಡೆ ಎಂದು ಹುಕ್ ಹಲವು ಸಲ ಹೇಳಿದ್ದಾರೆ. ಅದಕ್ಕೆ ಮೊದಲು ಅವರು ಯಾವ ವಾದ್ಯವನ್ನೂ ನುಡಿಸಿದವರಲ್ಲ. ಈ ಗೆಳೆಯರ ತಂಡವೇ ಜಾಯ್ ಡಿವಿಷನ್ ಆಯಿತು. 1980ರ ಮೇ 18ರಂದು ಗಾಯಕ ಇಯಾನ್ ಕರ್ಟಿಸ್ ತೀರಿಕೊಂಡ ಮೇಲೆ ಉಳಿದವರು ನ್ಯೂ ಆರ್ಡರ್ ಆದರು. ಬಜ್‌ಕಾಕ್ಸ್ ತಂಡಕ್ಕೆ ಬಾಸ್ ನುಡಿಸುವವನು ಸಿಕ್ಕಿದ್ದೂ ಅದೇ ಸಂಜೆ. ಸ್ಟೀವ್ ಡಿಗಲ್ ಬೇರೊಬ್ಬರಿಗಾಗಿ ಹಾಲಿನ ಹೊರಗೆ ಕಾದು ನಿಂತಿದ್ದ. ಪಿಸ್ಟಲ್ಸ್ ತಂಡದ ಮೇಲ್ವಿಚಾರಕ ಮಾಲ್ಕಮ್ ಮೆಕ್‌ಲಾರನ್ ದಾರಿಹೋಕರನ್ನು ಒಳಗೆ ಕರೆಯುತ್ತ ಬಾಗಿಲ ಬಳಿಯೇ ಇದ್ದರು. ಶೆಲ್ಲಿ ಎದುರು ನೋಡುತ್ತಿದ್ದ ವಾದಕ ಇವನೇ ಇರಬೇಕೆಂದು ಭಾವಿಸಿ, ಡಿಗಲ್‌ನನ್ನು ಕರೆದೊಯ್ದು ಪರಿಚಯಿಸಿದರು. ಅದೊಂದು ತಪ್ಪುತಿಳಿವಳಿಕೆ. ಆದರೂ ಡಿಗಲ್ ಬಜ್‌ಕಾಕ್ಸ್‌ನಲ್ಲೇ ಉಳಿದ.

ಈಗ ನೆನಪುಗಳಿಗೆ ಬರೋಣ. ಗ್ರಂಥಸಂಪಾದನೆ ಮಾಡುವವರು ಪ್ರಕ್ಷಿಪ್ತ ಭಾಗವನ್ನು ಹೇಗೆ ಗುರುತಿಸುತ್ತಾರೋ ಹಾಗೆ ಇಲ್ಲಿಯೂ ಗುರುತಿಸಬಹುದು. ಪಿಸ್ಟಲ್ಸ್ ಅದೇ ಹಾಲಿಗೆ ಜುಲೈ 20ರ ಮಂಗಳವಾರ ಮತ್ತೆ ಬಂತು. ಆಗ ಟಿಕೆಟ್ ದರ ಒಂದು ಪೌಂಡ್, ಸಭಿಕರ ಸಂಖ್ಯೆ ಹಲವು ಪಟ್ಟು ಹೆಚ್ಚು. ಸ್ಲಾಟರ್ ಅಂಡ್ ದ ಡಾಗ್ಸ್ ತಂಡದ ಜೊತೆಗೆ ಬಜ್‌ಕಾಕ್ಸ್ ಕೂಡ ಆ ದಿನ ಹಾಡಿತು. ‘ಅನಾರ್ಕಿ ಇನ್ ದ ಯು.ಕೆ.’ ಹಾಡು ವೇದಿಕೆಯ ಮೇಲೆ ಮೊದಲು ಕೇಳಿಬಂದದ್ದೂ ಅಂದೇ. ಹೀಗಾಗಿ ಜೂನ್ 4ರಂದು ‘ಅನಾರ್ಕಿ’ ಕೇಳಿದೆ ಎನ್ನುವವರು ವಾಸ್ತವವಾಗಿ ನೆನೆಯುತ್ತಿರುವುದು ಜುಲೈ 20ನ್ನು. ಜೂನ್ 4ರಂದು ಬಜ್‌ಕಾಕ್ಸ್ ಹಾಡಿತೆನ್ನುವವರೂ ಹಾಗೆಯೇ. ವೇದಿಕೆಯ ಮೇಲೆ ಸಿಡ್ ವಿಷಸ್‌ನನ್ನು ಕಂಡೆ ಎನ್ನುವವರ ನೆನಪು ಇನ್ನೂ ಮುಂದಿನದು. ಅವನು ಪಿಸ್ಟಲ್ಸ್‌ನ ಬಾಸ್ ವಾದಕ ಗ್ಲೆನ್ ಮ್ಯಾಟ್‌ಲಾಕ್ ಜಾಗಕ್ಕೆ ಬಂದದ್ದು 1977ರ ಫೆಬ್ರವರಿಯಲ್ಲಿ. ಇಂಥ ಪಾಠಾಂತರಗಳಲ್ಲಿ ಒಂದು ನಿಯಮ ಕಾಣುತ್ತದೆ: ತಪ್ಪುಗಳೆಲ್ಲ ಒಂದೇ ದಿಕ್ಕಿಗೆ ಹರಿಯುತ್ತವೆ, ಎರಡನೆಯದರಿಂದ ಮೊದಲನೆಯದಕ್ಕೆ. ಜೂನ್ ಸಂಜೆಗೆ ಹೋಗಿದ್ದವರು ಜುಲೈಗೆ ಹೋಗಿದ್ದೆ ಎಂದು ತಪ್ಪಾಗಿ ಹೇಳುವುದು ತೀರ ಅಪರೂಪ. ಮೂಲಸ್ಥಾನಕ್ಕೆ ಸೇರಿಕೊಳ್ಳುವ ಹಂಬಲವೇ ತಾರೀಖನ್ನು ಹಿಂದಕ್ಕೆ ಎಳೆಯುತ್ತದೆ. ಸಾಲ್‌ಸ್ಟಿಸ್ ತಂಡ ಕಥೆಗಳಿಂದ ಜಾರಿಹೋಗುವುದೂ ಇದೇ ಕಾರಣಕ್ಕೆ. ಹೊಸದರ ಹುಟ್ಟಿನ ಕಥೆಯಲ್ಲಿ ಹಳೆಯ ಬಗೆಯ ರಾಕ್ ತಂಡಕ್ಕೆ ಜಾಗವಿಲ್ಲ.

ಇಟಲಿಯ ಮೌಖಿಕ ಇತಿಹಾಸಕಾರ ಅಲೆಸ್ಸಾಂದ್ರೊ ಪೊರ್ತೆಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಕರಣವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ತೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಲುಯಿಜಿ ತ್ರಸ್ತುಲ್ಲಿ ಎಂಬ ಕಾರ್ಮಿಕ 1949ರಲ್ಲಿ ನ್ಯಾಟೊ ವಿರೋಧಿ ಮೆರವಣಿಗೆಯಲ್ಲಿ ಪೊಲೀಸರ ಕೈಯಲ್ಲಿ ಸತ್ತ. ಊರಿನ ಅನೇಕರ ನೆನಪಿನಲ್ಲಿ ಆ ಸಾವು 1953ಕ್ಕೆ ಸರಿದಿತ್ತು, ಅಂದರೆ ಕಾರ್ಖಾನೆ ಸಾವಿರಾರು ಜನರನ್ನು ಕೆಲಸದಿಂದ ತೆಗೆದ ವರ್ಷಕ್ಕೆ. ಪೊರ್ತೆಲ್ಲಿ ಅದನ್ನು ಮರೆವೆಂದು ಕರೆಯಲಿಲ್ಲ. ಆ ಸಾವಿಗೆ ತಕ್ಕ ಅರ್ಥ ಸಿಗುವ ಜಾಗಕ್ಕೆ ಜನ ಅದನ್ನು ಒಯ್ದಿಟ್ಟರು ಎಂದು ವಾದಿಸಿದರು. ಒಂದು ಸಾವನ್ನೂ ಒಂದು ಕಚೇರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಆದರೆ ನೆನಪು ಕೆಲಸ ಮಾಡುವ ರೀತಿ ಎರಡರಲ್ಲೂ ಒಂದೇ.

ಫ್ರೀ ಟ್ರೇಡ್ ಹಾಲಿನಲ್ಲಿ ಪಿಸ್ಟಲ್ಸ್ ಬರುವ ಹತ್ತು ವರ್ಷ ಮೊದಲೇ ಇಂಥದ್ದೊಂದು ನಡೆದಿತ್ತು. 1966ರ ಮೇ 17ರಂದು ಕೆಳಗಿನ ದೊಡ್ಡ ಹಾಲಿನಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡುತ್ತಿದ್ದಾಗ, ಜಾನಪದ ಶೈಲಿಯನ್ನು ಬಿಟ್ಟ ಸಿಟ್ಟಿಗೆ ಸಭಿಕನೊಬ್ಬ ‘ಜುದಾಸ್’ ಎಂದು ಕೂಗಿದ. ಕೂಗಿದವನು ತಾನೇ ಎಂದು ಮುಂದೆ ಹೇಳಿಕೊಂಡವರು ಒಬ್ಬರಿಗಿಂತ ಹೆಚ್ಚು. ಆ ಕಚೇರಿಯ ಕದ್ದ ಮುದ್ರಿಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನದೆಂಬ ತಪ್ಪು ಹೆಸರಿನಲ್ಲೇ ದಶಕಗಳ ಕಾಲ ಕೈಯಿಂದ ಕೈಗೆ ಹೋಯಿತು. 1998ರಲ್ಲಿ ಅಧಿಕೃತವಾಗಿ ಬಿಡುಗಡೆಯಾದಾಗಲೂ ಮುಖಪುಟದ ಮೇಲೆ ಆ ತಪ್ಪು ಹೆಸರೇ ಉಳಿಯಿತು. ಅಭಿಮಾನಿಗಳ ಬಾಯಲ್ಲಿ ಬಳಕೆಯಾದ ಹೆಸರು ದಾಖಲೆಗಿಂತ ಗಟ್ಟಿಯಾಗಿ ನಿಂತಿತ್ತು.

ಜೂನ್ 4ರ ಕಥೆ ಬೆಳೆದ ಕಾಲವನ್ನು ಗುರುತಿಸುವುದು ಕಷ್ಟವಲ್ಲ. 1976ರ ಡಿಸೆಂಬರ್ 1ರಂದು ಟೆಲಿವಿಷನ್ ನಿರೂಪಕ ಬಿಲ್ ಗ್ರಂಡಿಯ ಎದುರು ಪಿಸ್ಟಲ್ಸ್ ಬೈಗುಳ ಆಡಿದ ಮೇಲೆ ಪಂಕ್ ದೇಶಕ್ಕೆಲ್ಲ ಗೊತ್ತಾಯಿತು. 1977ರ ಜನವರಿ ಕೊನೆಗೆ ಬಜ್‌ಕಾಕ್ಸ್ ಸಾಲ ಮಾಡಿ, ‘ಸ್ಪೈರಲ್ ಸ್ಕ್ರಾಚ್’ ಎಂಬ ನಾಲ್ಕು ಹಾಡಿನ ತಟ್ಟೆಯ ಸಾವಿರ ಪ್ರತಿಗಳನ್ನು ತಾನೇ ಹೊರತಂದಿತು. ಯಾವ ಹಾಡು ಎಷ್ಟನೆಯ ಟೇಕ್, ಯಾವುದರ ಮೇಲೆ ಓವರ್‌ಡಬ್ ಸೇರಿಸಿದೆ ಎಂಬುದನ್ನೆಲ್ಲ ಅದರ ಹೊದಿಕೆಯ ಮೇಲೆ ಅಚ್ಚು ಹಾಕಿಸಿದ್ದರು. ‘ಇದರಲ್ಲಿ ಗುಟ್ಟೇನಿಲ್ಲ, ನೀವೂ ಮಾಡಬಹುದು’ ಎಂಬ ಅರ್ಥ ಆ ಸಾಲುಗಳಲ್ಲಿತ್ತು. ದೊಡ್ಡ ಕಂಪನಿಯ ಹಂಗಿಲ್ಲದೆ ಇದೆಲ್ಲ ಸಾಧ್ಯವೆಂದು ತಿಳಿದ ಮೇಲೆಯೇ ಇದೆಲ್ಲ ಎಲ್ಲಿಂದ ಹೊರಟಿತೆಂಬ ಪ್ರಶ್ನೆ ಹುಟ್ಟಿದ್ದು. 2001ರಲ್ಲಿ ಡೇವಿಡ್ ನೋಲನ್ ಸಭಿಕರನ್ನು ಹುಡುಕಿ ಮಾತಾಡಿಸಿ ‘ಐ ಸ್ವೇರ್ ಐ ವಾಸ್ ದೇರ್’ ಎಂಬ ಪುಸ್ತಕ ಬರೆದರು. ಮರುವರ್ಷ ಮೈಕೆಲ್ ವಿಂಟರ್‌ಬಾಟಮ್ ನಿರ್ದೇಶನದ ‘24 ಅವರ್ ಪಾರ್ಟಿ ಪೀಪಲ್’ ಚಿತ್ರ ಆ ಸಂಜೆಯನ್ನು ತೆರೆಯ ಮೇಲೆ ತಂದಿತು. ಅದರ ಕಥಾನಾಯಕ, ಫ್ಯಾಕ್ಟರಿ ರೆಕಾರ್ಡ್ಸ್‌ನ ಟೋನಿ ವಿಲ್ಸನ್, ಮೊದಲ ಕಚೇರಿಯಲ್ಲಿ ತಾನಿದ್ದೆನೆಂದು ಕೊನೆಯವರೆಗೂ ಹೇಳುತ್ತಿದ್ದರು. ನೋಲನ್ ಸೇರಿದಂತೆ ಹಲವರು ಅದನ್ನು ಒಪ್ಪಿಲ್ಲ. 1976ರ ಸೆಪ್ಟೆಂಬರಿನಲ್ಲಿ ಪಿಸ್ಟಲ್ಸ್ ತಂಡವನ್ನು ಮೊದಲ ಬಾರಿಗೆ ಟೆಲಿವಿಷನ್ನಿಗೆ ತಂದದ್ದು ಅವರದೇ ‘ಸೋ ಇಟ್ ಗೋಸ್’ ಕಾರ್ಯಕ್ರಮ. ಅಷ್ಟು ಮಾಡಿದವರಿಗೂ ಆ ಸಂಜೆಯ ಕುರ್ಚಿಯೊಂದು ಬೇಕೆನಿಸಿತೆಂದರೆ ಅದರ ಸೆಳೆತ ಎಷ್ಟಿರಬೇಕು!

ನೆನಪಿನ ಜೊತೆಗೆ ಅಭಿಪ್ರಾಯಗಳನ್ನೂ ಪರಿಶೀಲಿಸಬೇಕು. ಪಂಕ್ ಬಂದೊಡನೆ ಹಳೆಯ ರಾಕ್ ಗುಡಿಸಿಹೋಯಿತೆಂದು ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ಬಿಬಿಸಿ ರೇಡಿಯೊ 1ರ ಜಾನ್ ಪೀಲ್ ತಮ್ಮ ಕೇಳುಗರ ಮತದಿಂದ ಐವತ್ತು ಮೆಚ್ಚಿನ ಹಾಡುಗಳನ್ನು ಆರಿಸುವ ಪದ್ಧತಿಯನ್ನು 1976ರ ಕೊನೆಗೆ ಆರಂಭಿಸಿದರು. ಪಂಕ್ ಸಂಗೀತವನ್ನು ದೇಶಕ್ಕೆ ಕೇಳಿಸಿದವರೇ ಪೀಲ್. ಆದರೂ ಆ ವರ್ಷ ಅವರ ಕೇಳುಗರು ಮೊದಲ ಸ್ಥಾನ ಕೊಟ್ಟದ್ದು ಲೆಡ್ ಝೆಪೆಲಿನ್‌ನ ‘ಸ್ಟೇರ್‌ವೇ ಟು ಹೆವನ್’ ಹಾಡಿಗೆ. 1978ರಲ್ಲಿ ಆ ಸ್ಥಾನ ‘ಅನಾರ್ಕಿ’ಗೆ ಬಂತು. ಬದಲಾವಣೆ ಆದದ್ದು ನಿಜ. ಆದರೆ ಅತ್ಯಂತ ಹೊಸ ಕಿವಿಯ ಕೇಳುಗರಿಗೂ ಅದಕ್ಕೆ ಎರಡು ವರ್ಷ ಹಿಡಿಯಿತು.

‘ನ್ಯೂ ವೇವ್’ ಎಂಬ ಹೆಸರಿನ ಬಗ್ಗೆ ಜಗಳ ಇಂದಿಗೂ ಮುಗಿದಿಲ್ಲ. 1977ರಲ್ಲಿ ‘ಪಂಕ್’, ‘ನ್ಯೂ ವೇವ್’ ಎರಡೂ ಹೆಸರುಗಳನ್ನು ಒಂದರ ಬದಲಿಗೆ ಇನ್ನೊಂದರಂತೆ ಬಳಸುತ್ತಿದ್ದರು. ಅಮೆರಿಕದ ರೇಡಿಯೊ ನಿಲಯಗಳು ‘ಪಂಕ್’ ಪದಕ್ಕೆ ಹಿಂಜರಿದಾಗ, ಟಾಕಿಂಗ್ ಹೆಡ್ಸ್ ತಂಡವನ್ನು ಹೊರತಂದ ಸೈರ್ ಕಂಪನಿಯ ಸೀಮೋರ್ ಸ್ಟೈನ್ ‘ನ್ಯೂ ವೇವ್’ ಪದವನ್ನು ಮುಂದೆ ಮಾಡಿದರು. ಅಂದಿನಿಂದ ಕೆಲವು ಅಭಿಮಾನಿಗಳಿಗೆ ಅದು ಮಾರುಕಟ್ಟೆಯ ಹೆಸರು, ಪಂಕ್‌ಗೆ ಬಗೆದ ದ್ರೋಹ. ಉಳಿದವರಿಗೆ ಅದು ಪಂಕ್ ಕೊಟ್ಟ ಧೈರ್ಯದಿಂದ ಬಂದ ಹೊಸ ಹುಡುಕಾಟ. ಡೆವೊಟೊ 1977ರ ಆರಂಭದಲ್ಲೇ ಬಜ್‌ಕಾಕ್ಸ್ ಬಿಟ್ಟು ಮ್ಯಾಗಝಿನ್ ತಂಡ ಕಟ್ಟಿ ಕೀಬೋರ್ಡ್ ಸೇರಿಸಿಕೊಂಡದ್ದನ್ನು ನೋಡಿದರೆ ಎರಡನೆಯ ಅಭಿಪ್ರಾಯವೇ ಸರಿ ಎನಿಸುತ್ತದೆ. ಪಂಕ್ ಕಚೇರಿಯನ್ನು ಊರಿಗೆ ತಂದವನೇ ಮೊದಲು ಅದನ್ನು ದಾಟಿ ಹೋದ.

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಆ ನಲವತ್ತು ಜನರಲ್ಲಿ ನಮಗೆ ಗೊತ್ತಿರುವ ಹೆಸರುಗಳು ಹೆಚ್ಚಾಗಿ ಮುಂದೆ ತಂಡ ಕಟ್ಟಿದವರದು ಅಥವಾ ಪತ್ರಿಕೆಗೆ ಬರೆದವರದು. ಬಹುತೇಕ ಎಲ್ಲರೂ ಗಂಡಸರು. ಸ್ವತಃ ಬಾಸ್ ವಾದಕಿಯಾಗಿದ್ದು ಮುಂದೆ ಸಂಶೋಧಕಿಯಾದ ಹೆಲೆನ್ ರೆಡಿಂಗ್‌ಟನ್ 2007ರಲ್ಲಿ ಪಂಕ್ ಕಾಲದ ವಾದಕಿಯರನ್ನು ಹುಡುಕಿ ಮಾತಾಡಿಸಿ ಪುಸ್ತಕ ಬರೆಯುವವರೆಗೆ ಅವರಲ್ಲಿ ಹಲವರ ನೆನಪು ಎಲ್ಲಿಯೂ ದಾಖಲಾಗಿರಲಿಲ್ಲ. ಸ್ಲಿಟ್ಸ್ ತಂಡದ ವಿವ್ ಆಲ್ಬರ್ಟೀನ್ ಆತ್ಮಕಥೆ ಬಂದದ್ದು 2014ರಲ್ಲಿ, ಹುಡುಗರ ಕಥೆಗಳೆಲ್ಲ ಹಲವು ಮುದ್ರಣ ಕಂಡ ಮೇಲೆ. ಕಚೇರಿ ಕೇಳಿ ಬಸ್ಸು ಹತ್ತಿ ಮನೆಗೆ ಹೋಗಿ, ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದವರಿಗೂ ಒಂದು ಅಭಿಪ್ರಾಯ ಇದ್ದಿರಬೇಕು. ಕೆಲವರಿಗೆ ಅದು ಬೇಸರದ ಸಂಜೆಯಾಗಿರಬಹುದು. ಆ ಬೇಸರವೂ ಇತಿಹಾಸಕ್ಕೆ ಬೇಕು.

ಫ್ರೀ ಟ್ರೇಡ್ ಹಾಲನ್ನು ನೆಲೆಯಾಗಿಸಿಕೊಂಡಿದ್ದ ಹ್ಯಾಲೆ ವಾದ್ಯವೃಂದ 1996ರಲ್ಲಿ ಅದನ್ನು ಬಿಟ್ಟುಹೋಯಿತು. ಹಳೆಯ ಮುಂಭಾಗವನ್ನು ಉಳಿಸಿಕೊಂಡು ಹಿಂದಿನದನ್ನು ಕೆಡವಿ ಕಟ್ಟಿದ ಕಟ್ಟಡ ಇಂದು ಹೋಟೆಲ್. ಆ ಸಂಜೆ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತರ ಆಸುಪಾಸು. ಹೆಸರಿಲ್ಲದ ಆ ಸಭಿಕರನ್ನು, ಹಾಗೆಯೇ ಅಲ್ಲಿಗೆ ಹೋಗದೆಯೂ ಹೋಗಿದ್ದೆವೆಂದು ನಂಬಿರುವವರನ್ನು ಮಾತಾಡಿಸಿ ಬರೆದಿಡುವ ಕೆಲಸ ಇನ್ನು ಕೆಲವೇ ವರ್ಷಗಳಲ್ಲಿ ಆಗಬೇಕು.